ಏಳು ಗಂಡು, ಎರಡು ಹೆಣ್ಣು

ತಳವಾರ ಅಮೃತಪ್ಪ ಬುಟ್ಟಿ ಹಿಡಿದು ಅಂಗಳಕ್ಕೆ ಬಂದಾಗ ಗುಂಡಮ್ಮ ಕಸಬರಿಗೆಯಿಂದ ಗಂಡು ಬಾತುಗಳನ್ನು ಬಡಿಯುತ್ತಿದ್ದಳು. ನಾಲ್ಕು ಗಂಡುಗಳು ಸೇರಿ ಒಂದೇ ಹೆಣ್ಣನ್ನು ಕೆಸರಿನಲ್ಲಿ ಅದುಮಿ ಹಿಡಿದಿದ್ದವು. ಅದನ್ನು ಎಳೆದು ಮಡಿಲಿಗೆ ಹಾಕಿಕೊಂಡು ನೋಡಿದರೆ ಕತ್ತಿನ ಮೇಲೆ ಒಂದು ಪುಕ್ಕವೂ ಉಳಿದಿರಲಿಲ್ಲ. ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ನಿನ್ನೆ ಇನ್ನೊಂದು ಹೆಣ್ಣು ಕಾಗಿಣಾ ಹೊಳೆಯಲ್ಲಿ ಈ ಗಂಡುಗಳ ಭಾರಕ್ಕೇ ಮುಳುಗಿ ಸತ್ತಿತ್ತು. ಈಗ ಅವಳ ಅಂಗಳದಲ್ಲಿ ಉಳಿದದ್ದು ಏಳು ಗಂಡು, ಎರಡು ಹೆಣ್ಣು.

ಮೂರು ವರ್ಷದ ಹಿಂದೆ ಸೇಡಂ ಕಡೆಯಿಂದ ಬಾತು ಮೇಯಿಸಿಕೊಂಡು ಬಂದ ತೆಲುಗರು ಮರಿ ಮಾರುವಾಗಲೇ ಹೇಳಿದ್ದರು: ಐದಾರು ಹೆಣ್ಣಿಗೆ ಒಂದು ಗಂಡು ಸಾಕು, ಹೆಚ್ಚಾದದ್ದನ್ನು ಗಡಿಗೆಗೆ ಹಾಕು. ಗುಂಡಮ್ಮ ಅದನ್ನು ಮರೆತಿರಲಿಲ್ಲ. ಆದರೆ ನಿಜಾಮರ ಸರಕಾರದ ಸಾಹೇಬರು ಊರಿನ ತಪಾಸಣೆಗೆಂದು ದೌರೆ ಬಂದಾಗಲೆಲ್ಲ ಅಮೃತಪ್ಪ ಗೌಡರ ಹುಕುಂ ಎಂದು ಒಂದು ಬಾತನ್ನು ಬಿಟ್ಟಿಯಾಗಿ ಒಯ್ಯುತ್ತಿದ್ದ. ಒಯ್ದರೆ ಗಂಡು ಒಯ್ಯಲಿ, ಹೆಣ್ಣು ಉಳಿಯಲಿ ಎಂದು ಅವಳು ಗಂಡುಗಳನ್ನು ಕೊಯ್ಯದೆ ಬಿಟ್ಟಿದ್ದಳು. ಅವನೋ ಪ್ರತಿ ಸಲ ನಸುಕಿನಲ್ಲೇ ಬಂದು, ತತ್ತಿಯ ಮೇಲೆ ಕೂತ ಹೆಣ್ಣನ್ನೇ ಎತ್ತಿಕೊಂಡು ಹೋದ. ಕೇಳಿದರೆ, ಗಂಡು ಓಡಿ ಹೊಳೆಗಿಳಿಯುತ್ತವೆ, ಕಾವಿಗೆ ಕೂತದ್ದು ಓಡುವುದಿಲ್ಲ ಎಂದ. ಹೀಗೆ ಒಂಬತ್ತು ಹೋದವು.

ಒಂಬತ್ತು ಸಲವೂ ಅವಳ ಗಂಡ ಹಣಮಂತರಾಯ ಒಳಗೇ ಕೂತಿದ್ದ, ದೊಡ್ಡವರ ಗೊಡವೆ ನಮಗೆ ಬೇಡ ಎಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಆಸಾಮಿ ಅವನು.

ಇವತ್ತು ಅಮೃತಪ್ಪ ಹೊತ್ತೇರಿದ ಮೇಲೆ ಬಂದಿದ್ದ. ಬಂದವನು ಗಂಡು ಬಾತು ಬೇಕೆಂದ. ಗುಂಡಮ್ಮನಿಗೆ ತನ್ನ ಕಿವಿಯನ್ನು ನಂಬಲಾಗಲಿಲ್ಲ.

“ಯಾವ ಸಾಹೇಬ ಬಂದಾನ?”

“ಯಾರೂ ಬಂದಿಲ್ಲ ಯವ್ವಾ. ಗೌಡಸಾನೇರು ಮೂರು ಸಲ ಕೋಳಿ ಕೆಳಗ ತತ್ತಿ ಇಟ್ರು. ಒಂದೂ ಮರಿ ಆಗಲಿಲ್ಲ, ಎಲ್ಲಾ ಕೊಳತು ಹೋದ್ವು. ಗಂಡಿಲ್ದ ಹ್ಯಾಂಗ ಮರಿ ಆಗ್ತಾವ?”

“ಯಾವ ಬಾತಿನ ತತ್ತಿ?”

ಅಮೃತಪ್ಪ ನಾಲಿಗೆ ಕಚ್ಚಿಕೊಂಡ. ಕಚ್ಚಿಕೊಂಡು ಏನು ಬಂತು, ಮಾತು ಆಗಲೇ ಹೊರಗೆ ಬಿದ್ದಿತ್ತು. ಗುಂಡಮ್ಮ ಬಿಡಲಿಲ್ಲ, ಕೆದಕಿ ಕೆದಕಿ ಎಲ್ಲವನ್ನೂ ಹೊರಗೆ ತೆಗೆದಳು. ಒಂಬತ್ತು ಹೆಣ್ಣೂ ಜೀವಂತ ಇದ್ದವು, ಗೌಡರ ವಾಡೆಯ ಎತ್ತರದ ಗೋಡೆಯ ಹಿಂದೆ. ಸಾಹೇಬರಿಗೆ ಬಡಿಸಿದ್ದು ಇನ್ಯಾರದೋ ಮನೆಯ ಕೋಳಿ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ, ಗೌಡ ತಾನು ನುಂಗಿ ಸಾಹೇಬರ ಹೆಸರು ಹೇಳಿದ್ದ. ಅವಳನ್ನು ಸಮಾಧಾನ ಮಾಡಲು ಅಮೃತಪ್ಪ, ಮರಿ ಆದಮೇಲೆ ಗೌಡಸಾನಿ ನಿನಗೂ ಎರಡು ಕೊಡುತ್ತೇನೆ ಅಂದಿದ್ದಾರೆ ಎಂದ.

ಈ ಮಾತಿಗೆ ಗುಂಡಮ್ಮನ ಮೈಯೆಲ್ಲ ಉರಿದುಹೋಯಿತು. ಅವಳ ಬಾತಿನ ಮರಿಯನ್ನು ಅವಳಿಗೇ ದಾನ ಕೊಡುತ್ತಾಳಂತೆ! ಸಿಟ್ಟು ಗೌಡನ ಮೇಲೆ ಎಷ್ಟಿತ್ತೋ ತನ್ನ ಮೇಲೂ ಅಷ್ಟೇ ಇತ್ತು. ಯಾರೂ ಒಯ್ಯದ ಗಂಡುಗಳನ್ನು ಕಾಳು ಹಾಕಿ ಬೆಳೆಸಿ, ಇದ್ದ ಹೆಣ್ಣುಗಳನ್ನು ಅವುಗಳ ಬಾಯಿಗೆ ಕೊಟ್ಟವಳು ತಾನೇ ಅಲ್ಲವೆ? ಮಡಿಲಲ್ಲಿದ್ದ ಬಾತನ್ನು ಒಳಗೆ ಬಿಟ್ಟು ಕುಡುಗೋಲು ತಂದಳು. ಜೋಳ ಚೆಲ್ಲಿ ಕರೆದಳು. ದಿನಾ ಕರೆಯುವ ದನಿಗೆ ಗಂಡುಗಳು ತಳ್ಳಾಡುತ್ತ ಬಂದವು. ಒಳಗಿನಿಂದ ಹಣಮಂತರಾಯ ಬೇಡ ಬೇಡ ಎನ್ನುತ್ತಿದ್ದ; ಅಷ್ಟರಲ್ಲಿ ಐದು ಮುಗಿದಿದ್ದವು. ಉಳಿದ ಎರಡನ್ನು ಕಾಲು ಕಟ್ಟಿ ಪಕ್ಕದಲ್ಲಿ ಇಟ್ಟುಕೊಂಡಳು.

ಐದು ಹಸಿರು ತಲೆಗಳನ್ನು ಆರಿಸಿ ಅಮೃತಪ್ಪನ ಬುಟ್ಟಿಗೆ ಹಾಕಿದಳು.

“ಇವನ್ನ ಗೌಡಸಾನಿ ಮುಂದ ಇಡು. ಹನ್ನೊಂದು ಹೆಣ್ಣಿಗೆ ಎರಡು ಗಂಡು ಬೇಕು, ಎರಡು ಉಳಿಸೀನಿ. ಹೊತ್ತು ಮುಳುಗೋದ್ರೊಳಗ ನನ್ನ ಒಂಬತ್ತೂ ಈ ಅಂಗಳಕ್ಕ ಬರಬೇಕು. ಬರಲಿಲ್ಲಂದ್ರ ಈ ಎರಡರ ತಲೀನೂ ಕಳಸ್ತೀನಿ. ಆಮ್ಯಾಲ ಮರಿ ಆಕಿಗೂ ಇಲ್ಲ, ನನಗೂ ಇಲ್ಲ.”

ಊರಿನಲ್ಲಿ ಬಾತು ಸಾಕಿದವರು ಬೇರೆ ಯಾರೂ ಇರಲಿಲ್ಲ. ತೆಲುಗರು ಮತ್ತೆ ಬರುವುದು ಸುಗ್ಗಿ ಮುಗಿದ ಮೇಲೆ, ಅದಕ್ಕಿನ್ನೂ ಏಳೆಂಟು ತಿಂಗಳಿತ್ತು. ಇದೆಲ್ಲ ಅಮೃತಪ್ಪನಿಗೂ ಗೊತ್ತು. ಅವನು ಬುಟ್ಟಿಯ ಕಡೆ ನೋಡದೆ ಕೇಳಿದ.

“ಗೌಡ್ರು ನಾಕು ಮಂದೀನ್ನ ಕಳಸಿದ್ರ?”

“ಅವರು ಓಣಿ ದಾಟೋದ್ರೊಳಗ ನನ್ನ ಕೆಲಸ ಮುಗದಿರ್ತದ.”

ಅಮೃತಪ್ಪ ಹೋದ. ಹೋದ ಮೇಲೆ ಗುಂಡಮ್ಮ ಕುಡುಗೋಲು ಹಿಡಿದೇ ಹೊಸ್ತಿಲ ಮೇಲೆ ಕೂತಳು. ಗೌಡನ ಎದುರು ನಿಂತವರ ಗತಿ ಏನಾಗಿದೆ ಎಂಬುದು ಅವಳಿಗೆ ತಿಳಿಯದ್ದೇನಲ್ಲ. ಆದರೂ ಹೊಸ್ತಿಲು ಬಿಟ್ಟು ಏಳಲಿಲ್ಲ. ಹಣಮಂತರಾಯ ಒಳಗಿನಿಂದ ಎದ್ದು ಬರುವ ಸದ್ದಾಯಿತು. ಬೈಯಲು ಬಂದ, ಇಲ್ಲವೆ ಹೋಗಿ ಗೌಡನ ಕಾಲು ಹಿಡಿ ಎನ್ನಲು ಬಂದ ಎಂದುಕೊಂಡಳು. ಯಾವುದಕ್ಕೂ ಜವಾಬು ಕೊಡಲು ಸಿದ್ಧಳಾಗಿಯೇ ತಿರುಗಿದಳು.

ಅವನು ಅವಳ ಕೈಯಿಂದ ಕುಡುಗೋಲು ತೆಗೆದುಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದ.

“ಭಾಳ ಮೊಂಡಾಗ್ಯಾದ,” ಎಂದ. ಅಂಗಳದ ಶಹಾಬಾದಿ ಕಲ್ಲಿನ ಮೇಲೆ ನೀರು ಚಿಮುಕಿಸಿ, ವಾಡೆಯ ಕಡೆಗೆ ಮುಖ ಮಾಡಿ ಕೂತು ಮಸೆಯತೊಡಗಿದ.