ಕುದಿಯದ ಗಾಡಿ

ಕಡಲತೀರದ ಊರು ಹಾಫ್ ಮೂನ್ ಬೇ ಕಡೆಗೆ ಹೋಗುವ ಹೈವೇ ತೊಂಬತ್ತೆರಡರಲ್ಲಿ ಮುಂದಿನ ಗಾಡಿಗಳ ಕೆಂಪು ದೀಪಗಳು ಒಂದರ ಹಿಂದೊಂದು ಹೊತ್ತಿಕೊಂಡವು. ಮಧುಕರ್ ಬ್ರೇಕ್ ಒತ್ತಿದ. ಅಕ್ಟೋಬರಿನ ಶನಿವಾರ, ಕುಂಬಳಕಾಯಿ ಹೊಲಗಳನ್ನು ನೋಡಲು ಊರಿಗೆ ಊರೇ ಕಡಲಿನ ಕಡೆ ಹೊರಟಿತ್ತು. ಅಭ್ಯಾಸಬಲದಿಂದ ಅವನ ಕಣ್ಣು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿನತ್ತ ಹೋಯಿತು. ಅದು ನಟ್ಟನಡುವೆ ಅಲುಗದೆ ನಿಂತಿತ್ತು. ಪಕ್ಕದ ಸೀಟಿನಲ್ಲಿ ಇಂದು ಕೂತಿದ್ದಳು. ಅವಳ ಮಡಿಲಲ್ಲಿ, ಬಿಳಿ ಬಟ್ಟೆಯಲ್ಲಿ ಕಟ್ಟಿದ ಅವಳ ಗಂಡ ಜಯರಾಮನ ಅಸ್ಥಿ. ಮಗ ಕುಶಲ್ ಬಂದರಿನಲ್ಲಿ ದೋಣಿ ಗೊತ್ತುಮಾಡಿಕೊಂಡು ಕಾಯುತ್ತಿದ್ದ. ಅವನ ಜೊತೆಯಲ್ಲೇ ಅವಳೂ ಹೋಗಬಹುದಿತ್ತು. ಈ ಕಾರಿನಲ್ಲೇ ಹೋಗಬೇಕೆಂದವಳು ಅವಳೇ.

ಕಾರು ಮಧುಕರ್, ಜಯರಾಮ್ ಇಬ್ಬರು ಗೆಳೆಯರದೂ ಆಗಿತ್ತು. ಮಾರ್ಗನ್ ಹಿಲ್‌ನ ಯಾರದೋ ತೋಟದಲ್ಲಿ ಕೋಳಿಗೂಡಾಗಿ ಬಿದ್ದಿದ್ದ ಅರವತ್ತರ ದಶಕದ, ಭಾರಿ ಎಂಜಿನ್ನಿನ ಆ ಮಸಲ್ ಕಾರನ್ನು ಮೊದಲು ಕಂಡವನು ಜಯರಾಮ್. ಹಾಸನದ ಕಾಲೇಜಿನಿಂದಲೂ ಜೊತೆಗಿದ್ದ ಮಧುಕರನನ್ನು ಎಳೆದುಕೊಂಡು ಹೋಗಿ ತೋರಿಸಿದ್ದ. ವಾರವೆಲ್ಲ ಇಬ್ಬರೂ ಕಂಪ್ಯೂಟರಿನ ಮುಂದೆ. ಶನಿವಾರ ಬಂತೆಂದರೆ ಮಧುಕರನ ಗರಾಜಿನಲ್ಲಿ ಮೈಯೆಲ್ಲ ಗ್ರೀಸು. ಸೂಪರ್‌ಚಾರ್ಜರ್ ಕೂರಿಸಲೇಬೇಕೆಂದು ಹಟ ಹಿಡಿದವನೂ ಜಯರಾಮನೇ. ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೆ ತುಂಬುವ ಆ ಯಂತ್ರ ಬಂದಮೇಲೆ ಕಾರಿಗೆ ಎಲ್ಲಿಲ್ಲದ ಹುರುಪು ಬಂತು, ಅದರ ಬೆನ್ನಿಗೇ ಕೋಪವೂ ಬಂತು. ಫ್ರೀವೇಯಲ್ಲಿ ಓಡುವಷ್ಟು ಹೊತ್ತು ತಣ್ಣಗಿರುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಮುಳ್ಳು ಏರಿ ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು.

ಹೋದ ವರ್ಷ ಜಯರಾಮನ ಮೇದೋಜೀರಕದಲ್ಲಿ ಗಂಟು ಕಾಣಿಸಿತು. ಕೀಮೋ ಮಾಡಿಸಿಕೊಂಡು ಬಂದವನು ಗರಾಜಿನ ಬಾಗಿಲಲ್ಲಿ ಮಡಚುವ ಕುರ್ಚಿ ಹಾಕಿಸಿಕೊಂಡು, ಬೇಸಿಗೆಯಲ್ಲೂ ಶಾಲು ಹೊದ್ದು ಕೂರುತ್ತಿದ್ದ.

"ಒಂದ್ಸಲ ಸಮುದ್ರದವರೆಗೂ ಹೋಗಿ ಬರೋಣ ಕಣೋ."

"ಇನ್ನೊಂದು ವಾರ ತಡಿ. ಅದು ಒಂದೇ ಲೇನಿನ ರೋಡು, ಯಾವಾಗ್ಲೂ ಟ್ರಾಫಿಕ್ಕು. ನಿನ್ನ ಕೂರಿಸ್ಕೊಂಡು ಹೋಗಿ ನಡುದಾರೀಲಿ ಕುದ್ದುಬಿಟ್ರೆ ಏನ್ಮಾಡ್ಲಿ?"

ಮಧುಕರ್ ಹೇಳಿದ್ದು ಸುಳ್ಳೇನಲ್ಲ. ಎಂಜಿನ್ನನ್ನು ತಣಿಸಲು ದೊಡ್ಡ ರೇಡಿಯೇಟರ್ ತರಿಸಿದ. ಅದಾದ ಮೇಲೆ ಜೋಡಿ ಫ್ಯಾನು, ಆಮೇಲೆ ಹೊಸ ವಾಟರ್ ಪಂಪು. ಒಂದೊಂದಕ್ಕೂ ಇನ್ನೊಂದು ವಾರ ಎನ್ನುತ್ತಲೇ ಬೇಸಿಗೆ ಕಳೆಯುತ್ತ ಬಂತು. ಆದರೆ ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡಿದ್ದರೆ ಗೆಳೆಯನ ಮುಖ ನೋಡಬೇಕಾಗಿರಲಿಲ್ಲ ಎನ್ನುವುದೂ ಅಷ್ಟೇ ನಿಜ. ಕಾಯಿಲೆಯ ಮಾತು ಬಂದಾಗಲೆಲ್ಲ ಮಧುಕರನಿಗೆ ಆ ಸ್ಪ್ಯಾನರ್ ಇತ್ತ ಕೊಡು ಎನ್ನುವುದು ಸುಲಭವಾಗಿತ್ತು. ಒಂದು ಸಂಜೆ ಜಯರಾಮ್, "ಮಧು, ಸ್ವಲ್ಪ ಈಚೆ ಬಾ," ಎಂದು ಮೆಲ್ಲಗೆ ಕರೆದಾಗಲೂ, ಈ ಬೋಲ್ಟೊಂದು ಬಿಗಿದು ಬರುತ್ತೇನೆಂದು ತಲೆ ಎತ್ತದೆ ಉತ್ತರ ಕೊಟ್ಟಿದ್ದ. ಬಿಗಿದಾದ ಮೇಲೂ ಒಂದಷ್ಟು ಹೊತ್ತು ಅಲ್ಲೇ ಏನೋ ತಡಕಾಡುತ್ತ ನಿಂತಿದ್ದ. ಈಚೆ ಬರುವಷ್ಟರಲ್ಲಿ ಜಯರಾಮನಿಗೆ ಕೂತಲ್ಲೇ ಜೊಂಪು ಹತ್ತಿತ್ತು. ಎಬ್ಬಿಸಲಿಲ್ಲ.

ಕೊನೆಗೆ ಸಿಕ್ಕ ದೋಷ ತೀರ ಸಣ್ಣದು. ಗಾಳಿ ರೇಡಿಯೇಟರಿನ ಮೂಲಕ ಹಾಯುವುದನ್ನು ಬಿಟ್ಟು ಅದರ ಸುತ್ತಲಿನ ಸಂದುಗಳಿಂದ ಜಾರಿಹೋಗುತ್ತಿತ್ತು. ಮಧುಕರ್ ರಬ್ಬರ್ ಪಟ್ಟಿ ಕೂರಿಸಿ ಸಂದುಗಳನ್ನೆಲ್ಲ ಮುಚ್ಚಿದ. ಸುಡುಬಿಸಿಲಲ್ಲಿ ಊರಿನ ಸಿಗ್ನಲ್ಲುಗಳಲ್ಲೆಲ್ಲ ನಿಲ್ಲಿಸಿ ನಿಲ್ಲಿಸಿ ನೋಡಿದ. ಮುಳ್ಳು ಏರಲಿಲ್ಲ. ಖುಷಿಗೆ ಅಲ್ಲಿಂದಲೇ ಜಯರಾಮನಿಗೆ ಫೋನ್ ಮಾಡಿದ. ಎತ್ತಿದವನು ಕುಶಲ್. ಅಪ್ಪ ಬೆಳಿಗ್ಗೆಯಿಂದ ಕಣ್ಣು ತೆರೆದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದ.

ಮುಂದಿನ ಗಾಡಿ ತುಸು ಸರಿದು ಮತ್ತೆ ನಿಂತಿತು. ಮಧುಕರನಿಗೆ ಏನಾದರೂ ಹೇಳಬೇಕೆನಿಸಿತು. ಇನ್ನು ಕಾರು ಬಿಸಿಯಾಗುವುದಿಲ್ಲ, ಹೆದರಬೇಡಿ ಎಂದ. ಇಂದು ತಲೆಯಾಡಿಸಿದಳು. ಅವನಿಗೆ ಅಷ್ಟಕ್ಕೇ ಸುಮ್ಮನಿರಲಾಗಲಿಲ್ಲ.

"ಆಗ್ಲೇ ಅವನನ್ನ ಕರ್ಕೊಂಡು ಬರ್ಬೇಕಾಗಿತ್ತು, ಇಂದು. ಮಧ್ಯದಲ್ಲಿ ನಿಂತುಹೋದ್ರೆ ಅವನಿಗೆ ಕಷ್ಟ ಆಗುತ್ತಲ್ಲ ಅಂತ..."

ಇಂದು ಕಿಟಕಿಯಾಚೆ ನೋಡುತ್ತಿದ್ದಳು. ರಸ್ತೆಯಂಚಿನ ಹೊಲದಲ್ಲಿ ಮಕ್ಕಳು ತಮ್ಮಿಂದ ಎತ್ತಲಾಗದ ಕಾಯಿಗಳನ್ನೇ ಆರಿಸಿಕೊಂಡು ತಬ್ಬಿ ನಿಂತಿದ್ದರು.

"ಅವರಿಗೆ ನಿಂತುಹೋಗೋದೇ ಬೇಕಾಗಿತ್ತು ಮಧು," ಎಂದಳು. "ಕುದಿದ್ರೆ ಕುದೀಲಿ, ಆರೋವರೆಗೂ ಇಬ್ರೂ ರಸ್ತೆ ಪಕ್ಕ ಕೂತಿರ್ಬೇಕಲ್ಲ, ಆಗ ಎಲ್ಲಿಗೆ ತಪ್ಪಿಸ್ಕೊಂಡು ಹೋಗ್ತಾನೆ ಅವ್ನು, ಅಂತಿದ್ರು. ಏನೋ ಮಾತಾಡ್ಬೇಕಿತ್ತಂತೆ."

ಸಾಲು ಕದಲಿತು. ಹಿಂದಿನವನು ಹಾರ್ನ್ ಮಾಡಿದ ಮೇಲಷ್ಟೇ ಮಧುಕರ್ ಕಾರನ್ನು ಮುಂದಕ್ಕೆ ಬಿಟ್ಟ. ತಿರುವು ದಾಟಿ, ದೂರದಲ್ಲಿ ಕಡಲಿನ ಬಿಳಿ ಮಂಜು ಕಾಣಿಸಿಕೊಂಡಾಗ, ಏನು ಮಾತಾಡಬೇಕಿತ್ತಂತೆ ಎಂದು ಕೇಳಿದ.

"ನಾನೂ ಕೇಳ್ದೆ." ಇಂದು ಮಡಿಲಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹೇಳ್ಲಿಲ್ಲ. ಅದು ಮಧುಗೆ ಹೇಳೋದು ಅಂದ್ರು."