ಫ್ಯಾನಿನ ಕೆಳಗಿನ ಕುರ್ಚಿ

ಹೊಸದೇನಾದರೂ ಕಲಿತವರು ನೆಲ ಬಿಟ್ಟು ಮೇಲೇಳುತ್ತಾರಲ್ಲ, ಅದಕ್ಕೇ ನಮ್ಮ ಕ್ಲಸ್ಟರಿನ ಶಿಕ್ಷಕರ ತಿಂಗಳ ಸಭೆಯಲ್ಲಿ ಫ್ಯಾನ್ ಹಾಕುವಂತಿಲ್ಲ. ಕಳೆದ ಸಲ ನಾನೇ ಒಂದು ಹಾಡು ಕಲಿತು ಛಾವಣಿಗೆ ತಲೆ ಬಡಿಸಿಕೊಂಡಿದ್ದೆ.

ಒಂದೇ ಒಂದು ಫ್ಯಾನ್ ತಿರುಗುತ್ತದೆ. ಅದರ ಕೆಳಗೆ ಗಣಿತದ ಹಾದಿಮನಿ ಸರ್ ಕೂರುತ್ತಾರೆ. ಇಪ್ಪತ್ತೆಂಟು ವರ್ಷದಲ್ಲಿ ಅವರು ಒಂದು ಬೆರಳಿನಷ್ಟೂ ಎದ್ದವರಲ್ಲ. "ನನಗ ಎಲ್ಲಾ ಗೊತ್ತೈತಿ, ಫ್ಯಾನ್ ಹಚ್ಚರಿ" ಎನ್ನುತ್ತಾರೆ. ನಮಗೆ ಬೆವರು, ಅವರಿಗೆ ತಂಗಾಳಿ!

ಈ ಸಲ ಹೊಸದಾಗಿ ಬಂದ ಶಮೀಮ್ ಟೀಚರ್ ಎದ್ದು ನಿಂತರು. "ಸರ್, ಅರ್ಧವನ್ನ ಕಾಲು ಭಾಗದಿಂದ ಭಾಗಿಸಿದ್ರ ಎರಡು ಬರ್ತೈತಿ. ಭಾಗಿಸಿದ್ರ ಕಡಿಮಿ ಆಗಬೇಕಲ್ಲ, ಹೆಚ್ಚು ಹ್ಯಾಂಗಾತು ಅಂತ ನಮ್ಮ ಕ್ಲಾಸಿನ ಹುಡುಗಿ ಕೇಳಿದ್ಲು."

"ಕೆಳಗಿಂದು ಮ್ಯಾಲ ಮಾಡಿ ಗುಣಿಸು ಅನ್ರಿ. ಮುಗೀತು."

ಶಮೀಮ್ ಬುತ್ತಿಯಿಂದ ಅರ್ಧ ರೊಟ್ಟಿ ತೆಗೆದು ಅವರ ಕೈಗಿಟ್ಟರು. "ಇದರಾಗ ಕಾಲು ರೊಟ್ಟಿ ಎಷ್ಟ ಅದಾವ್ರಿ?"

ಸರ್ ತಾತ್ಸಾರದಿಂದಲೇ ಮುರಿದರು. ಎರಡು ತುಂಡು. ಅವನ್ನೇ ನೋಡುತ್ತ ಕೂತರು.

"ಅಯ್ಯ! ಇದರಾಗ ಅವು ಎಷ್ಟ ಅದಾವು ಅಂತ ಕೇಳೂದಽ ಭಾಗಾಕಾರ ಏನ್ರೀ!"

ಅವರ ಚಪ್ಪಲಿ ಕೆಳಗೇ ಉಳಿದವು.

"ಫ್ಯಾನ್! ಫ್ಯಾನ್ ಬಂದ್ ಮಾಡ್ರೀ!" ಎಂದು ಎಲ್ಲರೂ ಸ್ವಿಚ್ಚಿನತ್ತ ಓಡಿದರು. ನಾನು ಅವರ ಕಾಲಿಗೇ ಜೋತುಬಿದ್ದೆ. ರೆಕ್ಕೆಗಳು ನಿಂತವು, ಸದ್ಯ! ಆಮೇಲೆ ಕಾಲು ಬಿಟ್ಟೆ.

ಛಾವಣಿಗೆ ಬೆನ್ನು ಹಚ್ಚಿ ಸರ್ ಕಿಲಕಿಲ ನಗುತ್ತಿದ್ದರು.

"ಇಳೀರಿ ಸರ್, ಊಟದ ಹೊತ್ತಾತು."

"ತಡೀರಿ, ಇನ್ನೊಂದು ರೊಟ್ಟಿ ಕೊಡ್ರಿ" ಎಂದು ಕೈ ಚಾಚಿದರು. "ಮತ್ತ ಈ ಫ್ಯಾನ್ ಇನ್ನ ಮ್ಯಾಲ ಹಚ್ಚಬ್ಯಾಡ್ರಿ."