ಎಲ್ಲಾ ನಾರ್ಮಲ್

ಎಂಟು ದಿನದಿಂದ ಅವನ ಎದೆಯ ಮೇಲೆ ಕಲ್ಲು ಹೇರಿದ ಹಾಗಿತ್ತು. ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿದು ಸುಮ್ಮನಿದ್ದ. ಹೆಂಡತಿಗೂ ಹೇಳಿರಲಿಲ್ಲ. ಅವಳು ಆಶಾ ಕಾರ್ಯಕರ್ತೆ. ಊರವರ ಎದೆನೋವಿಗೆಲ್ಲ ಓಡಾಡಿ ಸುಸ್ತಾಗಿ ಬರುವವಳಿಗೆ ಮನೆಯದೂ ಒಂದು ಯಾಕೆ ಎಂದುಕೊಂಡಿದ್ದ.

ಸರ್ಕಾರದ ಹೃದಯ ತಪಾಸಣೆ ಶಿಬಿರ ಊರ ಶಾಲೆಗೆ ಬಂದ ದಿನ ಅವನೂ ಸಾಲಿನಲ್ಲಿ ನಿಂತ. ಜನರನ್ನು ಸಾಲು ಮಾಡಿಸುತ್ತಿದ್ದ ಹೆಂಡತಿ ಹತ್ತಿರ ಬಂದಳು.

"ನೀವ್ಯಾಕ್ರೀ ಇಲ್ಲಿ? ಮನೆಗೆ ನಡೀರಿ."

"ಯಾಕೆ, ಆಶಾ ಗಂಡನಿಗೆ ಎದೆ ಇಲ್ವಾ?" ಎಂದು ಅವನು ನಕ್ಕ.

ನರ್ಸ್ ಅವನ ಆಧಾರ್ ನಂಬರನ್ನು ಟ್ಯಾಬಿಗೆ ಹಾಕಿದಳು.

"ನಿಮ್ದು ಹೋದ ಶುಕ್ರವಾರವೇ ಆಗಿದೆಯಲ್ಲಣ್ಣ. ಆಶಾದವರು ಮನೆಗೇ ಬಂದು ನೋಡಿದ್ದಾರೆ. ಬಿಪಿ ನಾರ್ಮಲ್, ಶುಗರ್ ನಾರ್ಮಲ್, ಎದೆನೋವು ಇಲ್ಲ."

"ನನ್ನ ಯಾರೂ ಮುಟ್ಟೇ ಇಲ್ಲ ಸಿಸ್ಟರ್! ಎದೆನೋವು ತಡೆಯೋಕಾಗ್ದೇ ತಾನೇ ಇಸಿಜಿಗೆ ಬಂದಿರೋದು?"

"ನಾರ್ಮಲ್ ಅಂತಿದ್ರೆ ಇಸಿಜಿಗೆ ಹೆಸರೇ ತಗೊಳ್ಳಲ್ಲ ಈ ಟ್ಯಾಬು. ಡಾಕ್ಟ್ರನ್ನ ಕೇಳ್ತೀನಿ, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ."

ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಎಡಗೈ ಜೋಮು ಹಿಡಿದಿತ್ತು.

"ಯಾವ ಮನೆಹಾಳರು ಬರ್ದಿದ್ದು ಇದನ್ನ? ನಮ್ಮನೆಯವಳೂ ಆಶಾನೇ. ಈಗಲೇ ಕರೀತೀನಿ, ಅವರ ಗ್ರಹಚಾರ ಬಿಡಿಸ್ತಾಳೆ."

ಅವನು ಹೆಂಡತಿಯನ್ನು ಕೂಗಿ ಕರೆದ. ಅವಳು ಬಂದು ಮೊದಲು ಟ್ಯಾಬನ್ನು ನೋಡಿದಳು, ಆಮೇಲೆ ಅವನ ಬೆವರನ್ನು.

"ಶುಕ್ರವಾರದ ಟಾರ್ಗೆಟ್‌ಗೆ ಒಂದು ಹೆಸರು ಕಮ್ಮಿ ಬಿದ್ದಿತ್ತು ರೀ."